ಕಿವುಡ ಕ್ರೀಡಾಪಟುಗಳ ಮನೋತರಬೇತಿ: "ಕಣ್ಣು ಮುಚ್ಚಿ, ನನ್ನ ದನಿ ಕೇಳಿ" ಅನ್ನುವುದರ ಬದಲು ಏನು?

ಪೊನ್ನಂಪೇಟೆ ಟ್ರ್ಯಾಕ್

ಎಲ್ಲರಿಗೂ ನಮಸ್ಕಾರ. ಮಳೆಗಾಲ ಇಳಿದ ಮೇಲೆ ನಮ್ಮ ಕೊಡಗು ಜಿಲ್ಲೆಯ ಕಿವುಡ ಕ್ರೀಡಾಪಟುಗಳಿಗೆ ಎಂಟು ವಾರದ ತಯಾರಿ ಇದೆ. ಎಲ್ಲರೂ ರಾಷ್ಟ್ರಮಟ್ಟದಲ್ಲಿ ಆಡುವವರೇ: 10 ಮೀಟರ್ ಏರ್ ರೈಫಲ್, 100 ಮತ್ತು 200 ಮೀಟರ್ ಓಟ, ಬ್ಯಾಡ್ಮಿಂಟನ್. ಮೈಯ ತರಬೇತಿಗೆ ಕೊರತೆಯಿಲ್ಲ. ಮನಸ್ಸಿನ ತರಬೇತಿಗೆ ಸಿಗುವ ಸಾಮಗ್ರಿ ಮಾತ್ರ ಪೂರ್ತಿ ಕಿವಿ ಕೇಳುವವರಿಗಾಗಿ ಮಾಡಿದ್ದು. ರೆಕಾರ್ಡ್ ಮಾಡಿದ ಧ್ಯಾನ, "ಕಣ್ಣು ಮುಚ್ಚಿ, ನನ್ನ ದನಿಯ ಜೊತೆ ಬನ್ನಿ" ಅನ್ನುವ ವಿಶ್ರಾಂತಿ ಅಭ್ಯಾಸ, ಪುಟಗಟ್ಟಲೆ ಇಂಗ್ಲಿಷ್ ಪ್ರಶ್ನಾವಳಿ.

2022ರಲ್ಲಿ ಬ್ರೆಜಿಲ್‌ನ ಕಾಶಿಯಾಸ್ ದೊ ಸುಲ್ ಊರಿನಲ್ಲಿ ನಡೆದ, ಕಿವುಡರ ಒಲಿಂಪಿಕ್ಸ್ ಅನ್ನಬಹುದಾದ ಡೆಫ್‌ಲಿಂಪಿಕ್ಸ್‌ನಲ್ಲಿ ಭಾರತ 16 ಪದಕ ತಂತು, 2025ರಲ್ಲಿ ಟೋಕಿಯೊದಲ್ಲಿ 20. ಆ ಮಟ್ಟಕ್ಕೆ ಹೋಗುವವರಿಗೆ ಇಂಟರ್‌ಪ್ರಿಟರ್ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಸಾಕಾ, ಇಲ್ಲಾ ತರಬೇತಿಯನ್ನೇ ಬೇರೆ ಥರ ಕಟ್ಟಬೇಕಾ? ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಮನೋಬಲ, ಮೈಸೂರು

ಬೇರೆ ಥರ ಕಟ್ಟಬೇಕು. ಉಸಿರಾಟ, ಮನೋಚಿತ್ರಣ (ಆಟವನ್ನು ಮನಸ್ಸಿನಲ್ಲೇ ನಡೆಸಿ ನೋಡುವುದು), ಪಂದ್ಯಕ್ಕೆ ಮುಂಚಿನ ಕ್ರಮ, ಇವು ಯಾವುವೂ ಕಿವುಡರಿಗೆ ಬೇರೆ ಅಲ್ಲ. ಅವು ಮನಸ್ಸಿಗೆ ತಲುಪುವ ದಾರಿ ಬೇರೆ. ಕಿವಿಯ ದಾರಿಗೆ ಬರೆದ ಪಾಠವನ್ನು ಹಾಗೇ ಸಂಜ್ಞಾ ಭಾಷೆಗೆ ಇಳಿಸಿದರೆ ಅರ್ಧ ಕೆಟ್ಟುಹೋಗುತ್ತೆ, ಯಾಕೆಂದರೆ ಕಣ್ಣು ಮುಚ್ಚಿದ ಕ್ಷಣದಲ್ಲೇ ಪಾಠ ನಿಂತಿತು.

ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ, ಭಾಷೆ ಯಾವುದು ಅಂತ ಗೊತ್ತುಮಾಡಿಕೊಳ್ಳುವುದು. ಕೊಡಗಿನ ಮಗುವಿಗೆ ಇದು ಸರಳ ಪ್ರಶ್ನೆ ಅಲ್ಲ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ತುಟಿಗಳು, ಶಾಲೆಯಲ್ಲಿ ಕನ್ನಡದ ತುಟಿ, ಹಾಸ್ಟೆಲಿನಲ್ಲಿ ಗೆಳೆಯರ ಸಂಜ್ಞೆ, ರಾಷ್ಟ್ರೀಯ ಶಿಬಿರದಲ್ಲಿ ಹಿಂದಿ. "ಹೋಗು" ಅನ್ನುವಾಗ ತುಟಿ ಮುಚ್ಚುವುದೇ ಇಲ್ಲ. ಅದೇ ಮಾತನ್ನು ಮನೆಯಲ್ಲಿ "ಪೋ" ಅಂದರೆ ತುಟಿ ಮುಚ್ಚಿ ತೆರೆಯುತ್ತೆ. ತುಟಿ ಓದುವ ಮಗುವಿಗೆ ಇವೆರಡೂ ಸಂಬಂಧವೇ ಇಲ್ಲದ ಚಿತ್ರಗಳು. ಇನ್ನು ಕನ್ನಡದಲ್ಲೇ ಬರಿ, ಮರಿ, ಪರಿ ಮೂರೂ ತುಟಿಯ ಮೇಲೆ ಒಂದೇ. ಕ, ಗ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗೆ ಕಾಣುವುದೇ ಕಡಿಮೆ. ಹಾಗಾಗಿ "ತುಟಿ ಓದ್ತಾಳೆ, ತೊಂದರೆ ಇಲ್ಲ" ಅನ್ನುವ ಮಾತನ್ನು ನಂಬಬೇಡಿ. ಅವಳು ಊಹೆ ಮಾಡುತ್ತಿರುತ್ತಾಳೆ, ಆ ಊಹೆ ದಿನವಿಡೀ ಮನಸ್ಸನ್ನು ದಣಿಸುತ್ತೆ.

ಮೊದಲ ಭೇಟಿಯನ್ನು 45 ನಿಮಿಷದ ಎರಡು ಕೂಟಗಳಾಗಿ ಮಾಡಿ. ಆರು ಸಣ್ಣ ಸೂಚನೆ ತಯಾರಿಟ್ಟುಕೊಳ್ಳಿ, ಉದಾಹರಣೆಗೆ "ಎಡಗಾಲನ್ನು ಅರ್ಧ ಹೆಜ್ಜೆ ಹಿಂದಿಡು, ಭಾರ ಹಿಮ್ಮಡಿಗೆ ಬಿಡು". ಒಂದೇ ಮಟ್ಟದ ಸೂಚನೆಗಳನ್ನು ಒಮ್ಮೆ ಸಂಜ್ಞೆಯಲ್ಲಿ, ಒಮ್ಮೆ ತುಟಿಯಲ್ಲಿ, ಒಮ್ಮೆ ಬರೆದು, ಒಮ್ಮೆ ಮಾಡಿ ತೋರಿಸಿ ಕೊಡಿ. "ಗೊತ್ತಾಯ್ತಾ?" ಅಂತ ಕೇಳಲೇಬೇಡಿ, ತಲೆಯಾಡಿಸುವುದನ್ನು ಮಕ್ಕಳು ಒಂದನೇ ಕ್ಲಾಸಿನಿಂದಲೇ ಕಲಿತಿರುತ್ತಾರೆ. ಮಾಡಿ ತೋರಿಸಲು ಹೇಳಿ. ಯಾವ ದಾರಿಯಲ್ಲಿ ತಪ್ಪಿಲ್ಲದೆ ಬಂತೋ ಅದೇ ತರಬೇತಿಯ ಭಾಷೆ.

ಪ್ರಶ್ನಾವಳಿ ವಿಷಯ: ಸ್ಪರ್ಧೆಯ ಆತಂಕ ಅಳೆಯುವ ಪ್ರಚಲಿತ ಪಟ್ಟಿಗಳ ಮಾನದಂಡ ಕೇಳುವವರ ಮೇಲೆ ಕಟ್ಟಿದ್ದು. ಅಂಕ ಹೆಚ್ಚು ಬಂದರೆ ಅದು ಆತಂಕವೋ, ವಾಕ್ಯ ಅರ್ಥವಾಗದ್ದೋ ತಿಳಿಯಲ್ಲ. ಬದಲಿಗೆ ಮನುಷ್ಯಾಕೃತಿಯ ಒಂದು ಚಿತ್ರ, ಪಕ್ಕದಲ್ಲಿ 0ಯಿಂದ 10ರ ಏಣಿ. ಹೊಟ್ಟೆ, ಎದೆ, ಕೈ, ತಲೆ, ಎಲ್ಲಿ ಏನಾಗುತ್ತಿದೆ ಅಂತ ಬಣ್ಣ ಹಚ್ಚಲಿ, ಏಣಿಯಲ್ಲಿ ಗುರುತು ಹಾಕಲಿ. ಹಿಂದಿನ ರಾತ್ರಿ, ಪಂದ್ಯಕ್ಕೆ 30 ನಿಮಿಷ ಮುಂಚೆ, ಮುಗಿದ ಮೇಲೆ, ಹೀಗೆ ಮೂರು ಸಲ. ಹೋಲಿಕೆ ಅವಳ ಹಿಂದಿನ ಅಂಕದ ಜೊತೆಗೇ, ಬೇರೆಯವರ ಜೊತೆಗಲ್ಲ.

ಕೈಮಾತು

ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಕಡೆಯಿಂದ ಬರೆಯುತ್ತಿದ್ದೇನೆ. ಮನೋಬಲ ಮೇಡಂ ಹೇಳಿದ್ದಕ್ಕೆ ಕೋಣೆಯ ಲೆಕ್ಕ ಸೇರಿಸುತ್ತೇನೆ.

ಕೂರುವುದು ತ್ರಿಕೋನದಲ್ಲಿ. ಇಂಟರ್‌ಪ್ರಿಟರ್ ಮನೋತಜ್ಞರ ಪಕ್ಕ, ಸ್ವಲ್ಪ ಹಿಂದೆ, ಕ್ರೀಡಾಪಟು ಇಬ್ಬರನ್ನೂ ಒಂದೇ ನೋಟದಲ್ಲಿ ಕಾಣುವಂತೆ. ಕಿಟಕಿ ಇಂಟರ್‌ಪ್ರಿಟರ್ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಮಧ್ಯಾಹ್ನ ಮೂರಕ್ಕೇ ಕೋಣೆ ಮಬ್ಬು, ಹಾಗಾಗಿ ಸಂಜ್ಞೆ ಮಾಡುವವರ ಮುಖಕ್ಕೂ ಕೈಗೂ ಬೀಳುವ ಹಾಗೆ ಒಂದು ಬ್ಯಾಟರಿ ದೀಪ ಇರಲೇಬೇಕು. ಕರೆಂಟ್ ಹೋದರೆ ಕೇಳುವವರು ಕತ್ತಲಲ್ಲೂ ಮಾತು ಮುಂದುವರಿಸುತ್ತಾರೆ, ಇಲ್ಲಿ ಮಾತೇ ಆರಿಹೋಗುತ್ತೆ. ಚರ್ಮದ ಬಣ್ಣಕ್ಕೆ ಎದ್ದು ಕಾಣುವ, ಪಟ್ಟೆಪಟ್ಟೆ ಇಲ್ಲದ ಒಂದೇ ಬಣ್ಣದ ಬಟ್ಟೆ ಹಾಕಿ.

ಒಂದು ಗಂಟೆಗೆ ಮೀರಿದ ಕೂಟಕ್ಕೆ ಇಬ್ಬರು ಇಂಟರ್‌ಪ್ರಿಟರ್ ಬೇಕು, 20 ನಿಮಿಷಕ್ಕೊಮ್ಮೆ ಬದಲಾಗಬೇಕು. ದಣಿದ ಇಂಟರ್‌ಪ್ರಿಟರ್ ಮೊದಲು ಬಿಡುವುದು ಭಾವನೆಯ ಸೂಕ್ಷ್ಮವನ್ನೇ, ಮನೋತರಬೇತಿಯಲ್ಲಿ ಬೇಕಿರುವುದೂ ಅದೇ. ಒಬ್ಬರೇ ಸಿಕ್ಕರೆ 40 ನಿಮಿಷಕ್ಕೆ ನಿಲ್ಲಿಸಿ. ತಜ್ಞರು "ಅವಳಿಗೆ ಕೇಳಿ" ಅನ್ನಬಾರದು. ಕಣ್ಣು ಕ್ರೀಡಾಪಟುವಿನ ಮೇಲಿಟ್ಟು "ನಿನಗೆ ಹೇಗನಿಸಿತು?" ಅಂತ ನೇರ ಕೇಳಬೇಕು.

ಬಹಳ ಮುಖ್ಯವಾದದ್ದು ಪದಗಳ ಪೂರ್ವತಯಾರಿ. ಕೂಟಕ್ಕೆ 15 ನಿಮಿಷ ಮುಂಚೆ ಬಳಸುವ 10-12 ಪದ ಇಂಟರ್‌ಪ್ರಿಟರ್ ಕೈಗೆ ಬರಲಿ. ಭಯ, ಆತಂಕ, ಉತ್ಸಾಹ ಮೂರಕ್ಕೂ ಎದೆಯ ಹತ್ತಿರವೇ ಕೈ ನಡುಗಿಸಿದರೆ ಕ್ರೀಡಾಪಟುವಿಗೆ ಮೂರೂ ಒಂದೇ. ಇನ್ನೊಂದು ಉದಾಹರಣೆ, ಸೂಕ್ಷ್ಮವಾದದ್ದು: "ಏಕಾಗ್ರತೆ"ಗೆ ಕಣ್ಣಿನ ಎರಡು ಬದಿಯಿಂದ ಕೈಗಳನ್ನು ಬಿಗಿಯಾಗಿ ಮುಂದಕ್ಕೆ ತಂದು ಹುಬ್ಬು ಗಂಟಿಕ್ಕಿದರೆ, ಆ ಸಂಜ್ಞೆಯೇ "ದಿಟ್ಟಿಸು, ಬಿಗಿ ಹಿಡಿ" ಅನ್ನುವ ಆಜ್ಞೆ. ಶೂಟರ್ ಹಾಗೇ ಮಾಡುತ್ತಾಳೆ, ಭುಜ ಬಿಗಿಯುತ್ತೆ. ಅದೇ ಸಂಜ್ಞೆಯನ್ನು ಹುಬ್ಬು ಸಡಿಲಿಸಿ, ನಿಧಾನವಾಗಿ, ಕೈ ಮೆತ್ತಗಿಟ್ಟು ಮಾಡಿದರೆ ಅರ್ಥ "ಮೃದುವಾಗಿ ಅಲ್ಲೇ ಇರು". ಸಂಜ್ಞೆಯಲ್ಲಿ ಮುಖವೂ ವ್ಯಾಕರಣ. ದನಿಯ ಏರಿಳಿತ ಮಾಡುವ ಕೆಲಸ ಅಲ್ಲಿ ಹುಬ್ಬು ಮತ್ತು ವೇಗ ಮಾಡುತ್ತವೆ.

ಐಎಸ್‌ಎಲ್ಆರ್‌ಟಿಸಿಯ (ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ, ತರಬೇತಿಯ ಸರ್ಕಾರಿ ಕೇಂದ್ರ) ಸಂಜ್ಞಾ ನಿಘಂಟು 2021ಕ್ಕೇ 10,000 ಪದ ಮುಟ್ಟಿತ್ತು, ಮೊದಲು ಅಲ್ಲಿ ಹುಡುಕಿ. ಸಿಗದಿದ್ದರೆ ಕ್ರೀಡಾಪಟುಗಳೇ ಸಂಜ್ಞೆ ಕಟ್ಟಲಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಎಲ್ಲ ಕೋಚ್‌ಗಳಿಗೂ ಕಳಿಸಿ. ಕೇಳುವ ಕೋಚ್ ಕಟ್ಟಿದ ಸಂಜ್ಞೆ ಹೆಚ್ಚು ದಿನ ಬಾಳುವುದಿಲ್ಲ.

ಹತ್ತು ಮೀಟರ್

ರೈಫಲ್ ಕಡೆಯ ಮಾತು. ಕೈಮಾತು ಅಕ್ಕ ಹೇಳಿದ "ಬಿಗಿ ಏಕಾಗ್ರತೆ" ನಮ್ಮ ಆಟದಲ್ಲಿ ನೇರವಾಗಿ ಅಂಕ ತಿನ್ನುತ್ತೆ. 10 ಮೀಟರ್‌ನಲ್ಲಿ ಹತ್ತರ ಬಿಂದುವಿನ ವ್ಯಾಸ 0.5 ಮಿಲಿಮೀಟರ್. 15 ನಿಮಿಷ ತಯಾರಿ ಮತ್ತು ಸೈಟಿಂಗ್ (ಗುರಿ ಸರಿಹೊಂದಿಸಿಕೊಳ್ಳುವ ಗುಂಡುಗಳು), ಆಮೇಲೆ 75 ನಿಮಿಷದಲ್ಲಿ 60 ಗುಂಡು. ಅಷ್ಟು ಹೊತ್ತು ದಿಟ್ಟಿಸಲು ಯಾರಿಂದಲೂ ಆಗುವುದಿಲ್ಲ. ಗಮನವನ್ನು ಪ್ರತಿ ಗುಂಡಿಗೂ ತೆರೆದು ಮುಚ್ಚಬೇಕು.

ಕ್ರಮ ಹೀಗೆ ಕಟ್ಟಿ. ಗುಂಡು ತುಂಬು, ಪಾದದ ಭಾರ ನೋಡು, ಕೆನ್ನೆ ಇಡು, ಎರಡು ಉಸಿರು, ಎರಡನೆಯದನ್ನು ಅರ್ಧ ಬಿಟ್ಟು ನಿಲ್ಲಿಸು, ಟ್ರಿಗರ್. ಹಿಡಿತ 8-10 ಸೆಕೆಂಡ್ ದಾಟಿದರೆ ರೈಫಲ್ ಇಳಿಸಿ ಮತ್ತೆ ಶುರು. ಹೊಡೆದ ಮೇಲೆ 2 ಸೆಕೆಂಡ್ ಹಾಗೇ ಇರು, ಇಳಿಸು, ಕಣ್ಣನ್ನು ನೆಲದ ಒಂದು ಗೊತ್ತಾದ ಜಾಗಕ್ಕೆ ಬಿಡು. ಈ ಕೊನೆಯದು ಕಿವುಡ ಶೂಟರ್‌ಗೆ ಬಹಳ ಬೇಕು. ಕೇಳುವವರು ವಿಶ್ರಾಂತಿಯಲ್ಲಿ ಕಣ್ಣನ್ನು ಎಲ್ಲೋ ಬಿಟ್ಟು ಕಿವಿಯಿಂದ ಸುತ್ತಲನ್ನು ಕಾಯುತ್ತಾರೆ. ಕಿವುಡರಿಗೆ ಆ ಕಾವಲೂ ಕಣ್ಣಿನದೇ. ಬಾಲ್ಯದಿಂದ ಕಿವುಡರಾದವರಲ್ಲಿ ನೋಟದ ಅಂಚಿನ ಗಮನ ಚುರುಕಾಗಿರುತ್ತೆ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಬ್ಯಾಡ್ಮಿಂಟನ್‌ನಲ್ಲಿ ಅದು ವರ, ರೇಂಜ್‌ನಲ್ಲಿ ಪಕ್ಕದ ಲೇನಿನ ಮೊಣಕೈ ಅಲ್ಲಾಡಿದರೂ ಗಮನ ಅಲ್ಲಿಗೆ ಜಾರುತ್ತೆ.

ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಸಿ. ಮೊದಲ ವಾರ ಖಾಲಿ ರೇಂಜ್. ಎರಡನೇ ವಾರ ಹಿಂದೆ ಒಬ್ಬರು ಓಡಾಡಲಿ. ಮೂರನೇ ವಾರ ಪಕ್ಕದ ಲೇನಿನಲ್ಲಿ ಒಬ್ಬರು ಶೂಟ್ ಮಾಡಲಿ. ನಾಲ್ಕನೇ ವಾರ ಮರದ ಹಲಗೆಯ ನೆಲದ ಮೇಲೆ ಯಾರಾದರೂ ನಡೆಯಲಿ. ಅದರ ಕಂಪನ ಅವರಿಗೆ ಪಾದದಿಂದ ಬರುತ್ತೆ, ಕೇಳುವ ಕೋಚ್‌ಗೆ ಅದು ತೊಂದರೆ ಅಂತ ಹೊಳೆಯುವುದೇ ಇಲ್ಲ. ಪ್ರತಿ ಮೆಟ್ಟಿಲಲ್ಲೂ 20 ಗುಂಡಿನ ಸರಾಸರಿ ಖಾಲಿ ರೇಂಜಿನ ಸರಾಸರಿಗೆ 0.1 ಅಂಕದೊಳಗೆ ಬಂದ ಮೇಲೆ ಮಾತ್ರ ಮುಂದಕ್ಕೆ ಹೋಗಿ.

ಹಿಯರಿಂಗ್ ಏಡ್ ಬಗ್ಗೆ ಎಲ್ಲರೂ ಮರೆಯುವ ನಿಯಮ ಒಂದಿದೆ. ಡೆಫ್‌ಲಿಂಪಿಕ್ಸ್‌ನಲ್ಲಿ ಸ್ಪರ್ಧಾ ವಲಯದೊಳಗೆ ಏಡ್ ಆಗಲಿ, ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ನ ಹೊರಭಾಗವಾಗಲಿ ಹಾಕುವಂತಿಲ್ಲ, ವಾರ್ಮ್‌ಅಪ್‌ಗೂ ಇಲ್ಲ. ವರ್ಷವಿಡೀ ಏಡ್ ಹಾಕಿ ಅಭ್ಯಾಸ ಮಾಡಿ ಪಂದ್ಯದ ದಿನ ಬೆಳಿಗ್ಗೆ ತೆಗೆದರೆ ಜಗತ್ತೇ ಬದಲಾದ ಹಾಗೆ. ತನ್ನ ಉಸಿರಿನ, ರೈಫಲ್ ಬೋಲ್ಟ್‌ನ ಅರೆಬರೆ ಸದ್ದನ್ನು ಲಯಕ್ಕೆ ಬಳಸುತ್ತಿದ್ದವಳಿಗೆ ಆ ಲಯವೇ ಇಲ್ಲ. ಎಂಟು ವಾರ ಮುಂಚೆ ವಾರಕ್ಕೆ ಒಂದು ದಿನ ಏಡ್ ಇಲ್ಲದೆ ಶುರು ಮಾಡಿ, ಕೊನೆಯ ಮೂರು ವಾರ ಪೂರ್ತಿ ಇಲ್ಲದೆ. ತೆಗೆದು ಡಬ್ಬಿಗೆ ಹಾಕುವುದನ್ನೇ ಕ್ರಮದ ಮೊದಲ ಹೆಜ್ಜೆ ಮಾಡಿಬಿಡಿ: ಡಬ್ಬಿ ಮುಚ್ಚಿತು, ಪಂದ್ಯ ಶುರುವಾಯಿತು.

ಪೊನ್ನಂಪೇಟೆ ಟ್ರ್ಯಾಕ್

ಅಣ್ಣ, ಇದು ತುಂಬಾ ಉಪಯೋಗ. ಉಸಿರಾಟಕ್ಕೆ ಸ್ಮಾರ್ಟ್ ವಾಚ್‌ನ ಕಂಪನ ಬಳಸಬಹುದಾ? ಮನೋಬಲ ಮೇಡಂ, ವಿಶ್ರಾಂತಿ ಮತ್ತು ಮನೋಚಿತ್ರಣ ಹೇಗೆ ಅಂತಲೂ ಹೇಳಿ.

ಮನೋಬಲ, ಮೈಸೂರು

ವಾಚ್ ಬಳಸಿ, ಆದರೆ ಊರುಗೋಲಾಗಿ. ಒಳಗೆ 4 ಸೆಕೆಂಡ್, ಹೊರಗೆ 6 ಸೆಕೆಂಡ್, ಅಂದರೆ ನಿಮಿಷಕ್ಕೆ ಆರು ಉಸಿರು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಮೊದಲ ಮೂರು ದಿನ ಪರದೆಯ ಮೇಲೆ ಹಿಗ್ಗಿ ಕುಗ್ಗುವ ವೃತ್ತ ನೋಡುತ್ತ ಕಲಿಯಲಿ, ನಾಲ್ಕನೇ ದಿನದಿಂದ ಕಣ್ಣು ಮುಚ್ಚಿ ಮಣಿಕಟ್ಟಿನ ಕಂಪನ ಮಾತ್ರ. ಮೂರನೇ ವಾರದಿಂದ ಒಂದು ಸಲ ಕಂಪನದ ಜೊತೆ, ಒಂದು ಸಲ ಹೊಟ್ಟೆಯ ಮೇಲೆ ತನ್ನದೇ ಕೈಯಿಟ್ಟು ವಾಚ್ ಇಲ್ಲದೆ. ಐದನೇ ವಾರಕ್ಕೆ ವಾಚ್ ಬಿಟ್ಟೇಬಿಡಬೇಕು. ಶೂಟಿಂಗ್‌ನಲ್ಲಿ ಫೈರಿಂಗ್ ಲೈನಿಗೆ ಇಂಥ ಸಾಧನ ಒಯ್ಯುವಂತಿಲ್ಲ, ಓಟದ ಬ್ಲಾಕ್‌ನಲ್ಲಿ ಅದಕ್ಕೆ ಸಮಯವೂ ಇಲ್ಲ.

ಸ್ನಾಯು ಬಿಗಿದು ಸಡಿಲಿಸುವ ಅಭ್ಯಾಸ. ಕೇಳುವವರಿಗೆ ದನಿ ಹೇಳುತ್ತ ಹೋಗುತ್ತೆ, ಇಲ್ಲಿ ಎರಡು ಹಂತ ಬೇಕು. ಮೊದಲು ಕಣ್ಣು ತೆರೆದು ಇಡೀ ಕ್ರಮ ನೋಡಿ ಬಾಯಿಪಾಠ, ಅಲ್ಲ, ಮೈಪಾಠ ಆಗಬೇಕು: ಮುಂಗೈ, ಮೇಲ್ತೋಳು, ಭುಜ, ಮುಖ, ಹೊಟ್ಟೆ, ತೊಡೆ, ಮೀನಖಂಡ. ಬಿಗಿತ 5 ಸೆಕೆಂಡ್, ಸಡಿಲ 20 ಸೆಕೆಂಡ್. ಆಮೇಲೆ ಕಣ್ಣು ಮುಚ್ಚಿ, ಜೊತೆಗಾರರ ಸ್ಪರ್ಶದಿಂದ: ಆ ಸ್ನಾಯುವಿನ ಮೇಲೆ ಒಂದು ತಟ್ಟು ಅಂದರೆ ಬಿಗಿ, ಉದ್ದ ಸವರಿಕೆ ಅಂದರೆ ಬಿಡು. ಮುಟ್ಟುವವರು ಯಾರು ಅಂತ ಕ್ರೀಡಾಪಟುವೇ ಆರಿಸಬೇಕು. 18ಕ್ಕಿಂತ ಚಿಕ್ಕವರಾದರೆ ಹೆತ್ತವರ ಬರಹದ ಒಪ್ಪಿಗೆ, ಕೋಣೆಯಲ್ಲಿ ಇನ್ನೊಬ್ಬ ಹಿರಿಯರು. ಇಲ್ಲಿ ಬಹಳ ಜನ ತಪ್ಪುವುದು ಒಂದಿದೆ. ಮುಷ್ಟಿ ಬಿಗಿದಾಗ, ಕೈ ಹಿಡಿದಾಗ ಕಿವುಡರ ಮಾತು ನಿಂತಿರುತ್ತೆ. ಕೈಯೇ ಅವರ ದನಿ. "ನಿಲ್ಲಿಸಿ" ಅನ್ನಲು ಕಾಲಿನ ಗುರುತು ಮೊದಲೇ ಒಪ್ಪಿಕೊಳ್ಳಿ, ಪಾದ ಎರಡು ಸಲ ನೆಲಕ್ಕೆ ಬಡಿಯುವುದು ಸಾಕು. ಅದಿಲ್ಲದೆ ಶುರು ಮಾಡಲೇಬೇಡಿ.

ಮನೋಚಿತ್ರಣದಲ್ಲಿ ಸಂಜ್ಞಾ ಭಾಷೆಗೆ ಹುಟ್ಟಿನಿಂದಲೇ ಒಂದು ಬಲ ಇದೆ. ಸಂಜ್ಞೆಯಲ್ಲಿ ಕಥೆ ಹೇಳುವವರು ಪಾತ್ರವೇ ಆಗಿಬಿಡುತ್ತಾರೆ. ಭುಜ ತಿರುಗಿಸಿದರೆ ಎದುರಾಳಿ, ಮತ್ತೆ ತಿರುಗಿಸಿದರೆ ತಾನು. ಕೋರ್ಟ್, ನೆಟ್, ಶಟಲ್ ಹೋಗುವ ದಾರಿ ಎಲ್ಲ ಎದುರಿನ ಗಾಳಿಯಲ್ಲಿ ಜಾಗ ಹಿಡಿದು ನಿಲ್ಲುತ್ತವೆ. ಹಾಗಾಗಿ ನೀವು ಬರೆದ ಸ್ಕ್ರಿಪ್ಟ್ ಬೇಡ, ಕ್ರೀಡಾಪಟುವೇ 90 ಸೆಕೆಂಡಿನ ಸಂಜ್ಞೆಯ ವಿಡಿಯೊ ಮಾಡಲಿ. ಅದನ್ನು ಎರಡು ಸಲ ನೋಡುವುದು, ಕಣ್ಣು ಮುಚ್ಚಿ ಒಂದು ಸಲ ಮನಸ್ಸಿನಲ್ಲಿ ನಡೆಸುವುದು, ಮುಗಿದಾಗ ಬೆರಳು ಎತ್ತುವುದು. ಸ್ಟಾಪ್‌ವಾಚ್ ಹಿಡಿಯಿರಿ. ನಿಜದ ಒಂದು ಗುಂಡಿಗೆ 40 ಸೆಕೆಂಡ್ ಬೇಕು, ಮನಸ್ಸಿನಲ್ಲಿ 15ಕ್ಕೇ ಮುಗಿಯಿತು ಅಂದರೆ ನಡುವೆ ಏನೋ ಹಾರಿಹೋಗಿದೆ. ಹೆಚ್ಚಾಗಿ ಹಾರುವುದು ಉಸಿರು ಮತ್ತು ಪಾದ. ಆ ಭಾಗವನ್ನು ವಿಡಿಯೊದಲ್ಲಿ ದೊಡ್ಡದು ಮಾಡಿಸಿ. ಕೇಳುವವರ ಸ್ಕ್ರಿಪ್ಟ್‌ನಲ್ಲಿರುವ "ಚಪ್ಪಾಳೆ ಕೇಳಿಸುತ್ತಿದೆ" ಥರದ ಸಾಲು ತೆಗೆದುಹಾಕಿ. ಅದರ ಜಾಗದಲ್ಲಿ ಎತ್ತಿ ಅಲ್ಲಾಡಿಸುವ ಕೈಗಳು, ನೆಲದ ಅದುರು, ಎದೆಬಡಿತ.

ಇನ್ನು ತನ್ನೊಳಗಿನ ಮಾತು. ಮೊದಲು ಕೇಳಿ: ನಿನ್ನ ತಲೆಯೊಳಗೆ ಮಾತು ಹೇಗೆ ಬರುತ್ತೆ, ಕೈಯಾಗಿ, ತುಟಿಯಾಗಿ, ಅಕ್ಷರವಾಗಿ, ಬರೀ ಚಿತ್ರವಾಗಿ? ಒಬ್ಬೊಬ್ಬರದು ಒಂದೊಂದು. ಕೈಯಾಗಿ ಬರುವವರಿಗೆ ಒಂದು ಸಂಜ್ಞೆಯನ್ನು ಚಿಕ್ಕದು ಮಾಡುತ್ತ ಹೋಗಿ: ಮೊದಲು ಎದೆ ಎತ್ತರದಲ್ಲಿ ಪೂರ್ತಿ, ಆಮೇಲೆ ಸೊಂಟದ ಬಳಿ ಅರ್ಧ, ಕೊನೆಗೆ ತೊಡೆಯ ಪಕ್ಕ ಎರಡು ಬೆರಳ ಅಲುಗು. ಬ್ಯಾಡ್ಮಿಂಟನ್‌ನಲ್ಲಿ ರ‍್ಯಾಕೆಟ್ ಇಲ್ಲದ ಕೈಗೆ ಇದು ಸರಿಹೋಗುತ್ತೆ. ರೈಫಲ್‌ನಲ್ಲಿ ಎರಡೂ ಕೈ ಕೆಲಸದಲ್ಲಿರುತ್ತವೆ, ಅಲ್ಲಿ ಹೆಬ್ಬೆರಳ ಒತ್ತಡ ಅಥವಾ ಒಂದು ಚಿತ್ರವೇ ಸೂಚನೆ.

ಸೋಮವಾರಪೇಟೆ ಪಿ.ಇ.

ಓಟದವರ ಬಗ್ಗೆ ಯಾರಾದರೂ ಹೇಳಿ. ದೀಪ ನೋಡಿ ಓಡುವುದು ಗನ್ ಕೇಳಿ ಓಡುವುದಕ್ಕಿಂತ ನಿಧಾನ ಅಂತಾರೆ. ಹಾಗಿದ್ದರೆ ಮಕ್ಕಳ ಆತ್ಮವಿಶ್ವಾಸ ಕುಗ್ಗಲ್ಲವಾ?

ಬ್ಲಾಕ್ ಮತ್ತು ದೀಪ

ಸರ್, ಬೆಳಕಿಗೆ ಪ್ರತಿಕ್ರಿಯೆ ಸದ್ದಿಗಿಂತ ಸಾಮಾನ್ಯವಾಗಿ 30-40 ಮಿಲಿಸೆಕೆಂಡ್ ನಿಧಾನ, ಅದು ಎಲ್ಲ ಮನುಷ್ಯರಿಗೂ. ಕಿವುಡರ ಕೂಟದಲ್ಲಿ ಎಲ್ಲರೂ ದೀಪಕ್ಕೇ ಓಡುವುದರಿಂದ ಅಲ್ಲಿ ನಷ್ಟ ಇಲ್ಲ. ಇದನ್ನು ಮಕ್ಕಳಿಗೆ ಅಂಕಿ ಸಮೇತ ತೋರಿಸಿ, ಆ ಚಿಂತೆ ಅಲ್ಲಿಗೇ ಮುಗಿಯುತ್ತೆ.

ದೀಪ ಮೂರು. ಕೆಂಪು ಅಂದರೆ ಜಾಗಕ್ಕೆ ಬಾ, ಹಳದಿ ಅಂದರೆ ಸೊಂಟ ಎತ್ತು, ಹಸಿರು ಅಂದರೆ ಓಡು. ದೀಪ ನೆಲದ ಮೇಲೆ, ಓಟಗಾರ ಕತ್ತು ಎತ್ತದೆ ಕಾಣುವ ಜಾಗದಲ್ಲಿರಬೇಕು. ದೂರ ಇಟ್ಟರೆ ತಲೆ ಏಳುತ್ತೆ, ತಲೆ ಎದ್ದರೆ ಸೊಂಟ ಕುಸಿಯುತ್ತೆ, ಮೊದಲ ಹೆಜ್ಜೆ ನಿಂತು ಹೋಗುತ್ತೆ. ಪಕ್ಕದಿಂದ ವಿಡಿಯೊ ಮಾಡಿ ಕತ್ತಿನ ಕೋನ ನೋಡಿಕೊಂಡು ದೀಪದ ಜಾಗ ಸರಿಮಾಡಿ.

ನಿಜವಾದ ಮನೋಸಮಸ್ಯೆ ಬೇರೆ ಕಡೆ ಇದೆ. ಈ ಮಕ್ಕಳು ಶಾಲೆಯಲ್ಲಿ, ತಾಲೂಕು ಕೂಟದಲ್ಲಿ ಕೇಳುವವರ ಜೊತೆ ಗನ್‌ಗೆ ಓಡಿ ಬೆಳೆದವರು. ಪಕ್ಕದವನು ಕದಲುವುದನ್ನು ಕಂಡ ಮೇಲೆ ಹೊರಡುವ ಚಾಳಿ ಬೇರೂರಿರುತ್ತೆ. ದೀಪ ಕೊಟ್ಟರೂ ಅರ್ಧ ಗಮನ ಪಕ್ಕದ ಲೇನಿಗೇ. ಅದನ್ನು ಬಿಡಿಸಲು: 12 ಸ್ಟಾರ್ಟ್, ಅದರಲ್ಲಿ 3ರಲ್ಲಿ ಪಕ್ಕದವನು ಬೇಕೆಂದೇ ಮೊದಲೇ ಕದಲಬೇಕು, 3ರಲ್ಲಿ ಹಸಿರು ಬರಲೇಬಾರದು. ಹಳದಿಗೂ ಹಸಿರಿಗೂ ನಡುವಿನ ಕಾಲ 1.5ರಿಂದ 2.5 ಸೆಕೆಂಡ್ ತನಕ ಏರುಪೇರು ಮಾಡಿ, ಇಲ್ಲದಿದ್ದರೆ ಎಣಿಸಿ ಹೊರಡುತ್ತಾರೆ. 0.100 ಸೆಕೆಂಡಿಗಿಂತ ಬೇಗ ಹೊರಟರೆ ತಪ್ಪು ಸ್ಟಾರ್ಟ್. ವಾರಕ್ಕೆ ಎರಡು ದಿನ ಸಾಕು, ಅದಕ್ಕಿಂತ ಹೆಚ್ಚು ಮಾಡಿದರೆ ನರ ದಣಿಯುತ್ತೆ, ಪ್ರತಿಕ್ರಿಯೆ ಇನ್ನೂ ನಿಧಾನ.

ದೀಪವನ್ನು 12 ವೋಲ್ಟ್ ಬ್ಯಾಟರಿಯಿಂದ ಓಡಿಸಿ, ಮೈನ್ಸ್‌ನಿಂದ ಬೇಡ. ನಮ್ಮ ಕಡೆ ಕರೆಂಟ್ ಹೋಗಲು ಒಂದು ಮರದ ಕೊಂಬೆ ಬಿದ್ದರೆ ಸಾಕು. ಮಂಜು ಇಳಿದ ದಿನ ಹಳದಿ ಮಾಸಲಾಗಿ ಕಾಣುತ್ತೆ, ಆಗ ದೀಪದ ಹಿಂದೆ ಕಪ್ಪು ಹಲಗೆ ನಿಲ್ಲಿಸಿ.

ಕೂಡಿಗೆ ಕಡೆಯವರು

ಹಾಕಿ ಡೆಫ್‌ಲಿಂಪಿಕ್ಸ್ ಪಟ್ಟಿಯಲ್ಲಿಲ್ಲ. ಆದರೂ ಕೊಡಗಿನಲ್ಲಿ ಕಿವುಡ ಮಕ್ಕಳು ಮೊದಲು ಹಿಡಿಯುವುದು ಸ್ಟಿಕ್ಕನ್ನೇ, ಕೇಳುವವರ ತಂಡದಲ್ಲೇ ಆಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪ್ರತ್ಯೇಕ ಮನೋತರಬೇತಿ ಅಂತ ಬೇರೆ ಕೂರಿಸುವುದರಿಂದ ಅವರನ್ನು ತಂಡದಿಂದ ಇನ್ನೂ ದೂರ ಮಾಡುತ್ತೇವೆ. ಒಳ್ಳೆಯ ಕೋಚ್ ಇದ್ದರೆ ತಂಡದೊಳಗೇ ಆಗಬೇಕು.

ಮನೋಬಲ, ಮೈಸೂರು

ಸರ್, ಅರ್ಧ ಒಪ್ಪುತ್ತೇನೆ. ತಂಡದ ಮಾತುಕತೆಯಲ್ಲಿ ಕಿವುಡ ಆಟಗಾರನಿಗೆ ಜಾಗ ಇಲ್ಲದಿದ್ದರೆ ಒಬ್ಬಂಟಿ ಕೂಟ ಎಷ್ಟು ಮಾಡಿದರೂ ಪ್ರಯೋಜನ ಕಡಿಮೆ. ಎಲ್ಲರೂ ನಕ್ಕಾಗ ಅವನು "ಏನು?" ಅಂತ ಕೇಳುತ್ತಾನೆ, "ಆಮೇಲೆ ಹೇಳ್ತೀನಿ" ಅನ್ನುತ್ತಾರೆ, ಹೇಳುವುದೇ ಇಲ್ಲ. ಇದು ದಿನಕ್ಕೆ ಹತ್ತು ಸಲ ಆದಾಗ ಆಗುವ ಗಾಯವನ್ನು ಆತ್ಮವಿಶ್ವಾಸದ ಕೊರತೆ ಅಂತ ಬರೆದುಕೊಳ್ಳುವುದು ಅನ್ಯಾಯ. ಅದು ಸುತ್ತಲಿನವರ ಕೊರತೆ.

ತಂಡದಲ್ಲಿ ಮಾಡಬೇಕಾದದ್ದು ಇಷ್ಟು. ಕ್ವಾರ್ಟರ್ ನಡುವಿನ ಬಿಡುವು 2 ನಿಮಿಷ, ಅದರಲ್ಲಿ ಮೊದಲ 20 ಸೆಕೆಂಡ್ ಯಾರೂ ಮಾತಾಡಬಾರದು, ಕೋಚ್ ಬಿಳಿ ಹಲಗೆಯಲ್ಲಿ ಚಿತ್ರ ಬರೆಯಲಿ. ಹಲಗೆ ನೋಡುವಾಗ ಮುಖ ನೋಡಲಾಗುವುದಿಲ್ಲ, ಆದ್ದರಿಂದ ಬರೆದು, ತಿರುಗಿ, ಆಮೇಲೆ ಮಾತು. ಒಮ್ಮೆಗೆ ಒಬ್ಬರೇ, ಮಾತಾಡುವವರು ಕೈ ಎತ್ತಿರಬೇಕು. ಆಟದ ಮಧ್ಯೆ ಎಂಟು ಸಂಜ್ಞೆ ಎಲ್ಲ ಆಟಗಾರರಿಗೂ ಬರಬೇಕು: ಒತ್ತು, ಹಿಂದೆ ಬಾ, ನನಗೆ, ಬಿಡು, ಬದಲಿ, ಎಡ, ಬಲ, ಸಮಾಧಾನ. ವಿಸಲ್ ಆದಾಗ ಹತ್ತಿರದ ಆಟಗಾರ ಕೈ ಎತ್ತುವುದು ಅಭ್ಯಾಸದಲ್ಲೇ ರೂಢಿಯಾಗಲಿ.

ಆದರೆ ಒಬ್ಬಂಟಿ ಕೂಟ ಬಿಡಬೇಡಿ. ಭಯವನ್ನು ಹನ್ನೊಂದು ಜನರೆದುರು ಯಾರೂ ಹೇಳಿಕೊಳ್ಳುವುದಿಲ್ಲ, ಕಿವುಡರಾಗಲಿ ಕೇಳುವವರಾಗಲಿ.

ಕೂಡಿಗೆ ಕಡೆಯವರು

ಎಂಟು ಸಂಜ್ಞೆಯ ಮಾತು ಒಪ್ಪಿದೆ ಮೇಡಂ. ಇಡೀ ತಂಡಕ್ಕೆ ಕಲಿಸುವುದು ಒಂದು ವಾರದ ಕೆಲಸ, ಮಾಡಬಹುದು.

ನಾಪೋಕ್ಲು ತೋಟ

ಹೆತ್ತವರ ಕಡೆಯಿಂದ ಎರಡು ಪ್ರಶ್ನೆ. ಇಂಟರ್‌ಪ್ರಿಟರ್ ಸಿಗದ ದಿನ ತಾಯಿಯೇ ಕೂತು ಹೇಳಿದರೆ ಆಗದಾ? ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೋಗಿ ಬರುವ ಬದಲು ವಿಡಿಯೊದಲ್ಲಿ ಕೂಟ ಮಾಡಿದರೆ? ತೋಟದಲ್ಲಿ ನೆಟ್‌ವರ್ಕ್ ಒಂದು ಮೂಲೆಯಲ್ಲಷ್ಟೇ ಸಿಗುತ್ತೆ.

ಕೈಮಾತು

ಅಮ್ಮ ಬೇಡ, ಕೋಚ್ ಕೂಡ ಬೇಡ. ಪ್ರೀತಿ ಕಡಿಮೆ ಅಂತಲ್ಲ. "ಅಮ್ಮನ ನಿರೀಕ್ಷೆ ಭಾರ ಆಗ್ತಿದೆ" ಅಂತ ಮಗಳು ಹೇಳಬೇಕಾದಾಗ ಅದನ್ನು ಅಮ್ಮನ ಕೈಯಲ್ಲೇ ಹೇಳಿಸಬೇಕಾಗುತ್ತೆ. ಆಯ್ಕೆ ಮಾಡುವ ಕೋಚ್ ಎದುರು ನೋವಿದೆ ಅಂತಲೂ ಯಾರೂ ಹೇಳುವುದಿಲ್ಲ. ಮಾನಸಿಕ ಆರೋಗ್ಯ ಕಾಯಿದೆ 2017 ಚಿಕಿತ್ಸೆಯ ಗೌಪ್ಯತೆಯನ್ನು ಹಕ್ಕು ಅನ್ನುತ್ತದೆ. ಕಿವುಡರ ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಇಂಟರ್‌ಪ್ರಿಟರ್ ಕೂಡ ಮೊದಲ ದಿನವೇ ಗೌಪ್ಯತೆಯ ಮಾತನ್ನು ಸಂಜ್ಞೆಯಲ್ಲೇ ಕೊಡಬೇಕು. ಮನೆಯ ಸಂಜ್ಞೆ ಮಾತ್ರ ಬರುವ ಮಕ್ಕಳಿಗೆ ಕಿವುಡ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಳ್ಳಿ. ಅವರಷ್ಟು ಚೆನ್ನಾಗಿ ನಾವು ಯಾರೂ ಅದನ್ನು ಹಿಡಿಯಲಾರೆವು.

ವಿಡಿಯೊಗೆ ಚಿತ್ರದ ಸ್ಪಷ್ಟತೆಗಿಂತ ಚಲನೆ ಮುಖ್ಯ. ಸೆಕೆಂಡಿಗೆ 25 ಫ್ರೇಮ್ ಇರಲಿ, 15ಕ್ಕಿಂತ ಕೆಳಗಿಳಿದರೆ ಬೆರಳಕ್ಷರ (ಬೆರಳಿನಿಂದ ಒಂದೊಂದೇ ಅಕ್ಷರ ತೋರಿಸುವುದು) ಕಲಸಿಹೋಗುತ್ತೆ. ನೆಟ್‌ವರ್ಕ್ ಸೋತಾಗ ರೆಸಲ್ಯೂಷನ್ ಇಳಿಸಿ, ಮೂರನೆಯವರ ಕ್ಯಾಮೆರಾ ಆರಿಸಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಸೊಂಟದಿಂದ ತಲೆಯ ಮೇಲೆ ಒಂದು ಗೇಣಿನ ತನಕ ಕಾಣಲಿ. ಕೈಯಲ್ಲಿ ಫೋನ್ ಹಿಡಿದರೆ ಒಂದೇ ಕೈಯ ಮಾತು, ನಮ್ಮ ಬೆರಳಕ್ಷರಕ್ಕೆ ಎರಡು ಕೈ ಬೇಕು. ಅಷ್ಟೂ ಆಗದಿದ್ದರೆ ಎರಡು ನಿಮಿಷದ ವಿಡಿಯೊ ಸಂದೇಶ ಕಳಿಸಿ, ಉತ್ತರ ವಿಡಿಯೊದಲ್ಲೇ ಬರಲಿ. ಉಸಿರಾಟದ ದಿನಚರಿಗೆ ಇದು ಸಾಕು. ದುಃಖದ, ಗಾಯದ ಮಾತಿಗೆ ಸಾಲದು, ಅದಕ್ಕೆ ಎದುರು ಬದುರು ಕೂರಲೇಬೇಕು.

ಮನೋಬಲ, ಮೈಸೂರು

ನಾಪೋಕ್ಲುವಿನವರ ಪ್ರಶ್ನೆಯಿಂದ ಇನ್ನೊಂದು ನೆನಪಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ನಾವೆಲ್ಲ ಹಂಚುವ ಸಂಖ್ಯೆ, ಆದರೆ ಕರೆ ಮಾಡಿ ಮಾತಾಡಬೇಕಾದ ದಾರಿ ಅದು. ರಾತ್ರಿ ಹನ್ನೊಂದಕ್ಕೆ ಮನಸ್ಸು ಕುಸಿದ ಕಿವುಡ ಹುಡುಗಿ ಒಬ್ಬಳೇ ಏನು ಮಾಡಬೇಕು? ಶಿಬಿರದ ಮೊದಲ ದಿನವೇ ಒಂದು ಕಾರ್ಡ್ ಬರೆಯಿರಿ. ಸಂದೇಶ ಅಥವಾ ವಿಡಿಯೊ ಕರೆ ಮಾಡಬಹುದಾದ ಮೂವರ ಹೆಸರು, ಅವರಲ್ಲಿ ಒಬ್ಬರಾದರೂ ಸಂಜ್ಞೆ ಬಲ್ಲವರು. ಅವಳ ಪರವಾಗಿ 14416ಕ್ಕೆ ಕರೆ ಮಾಡುವವರು ಯಾರು. ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವವರು ಯಾರು. ಪೂರ್ತಿ ವಾಕ್ಯ ಟೈಪ್ ಮಾಡಲಾಗದ ಹೊತ್ತಿಗೆ ಒಂದು ಎಮೋಜಿ ಗೊತ್ತುಮಾಡಿಕೊಳ್ಳಿ, ಅದು ಬಂದರೆ ಬಂದೇ ಬರಬೇಕು.

ಅತಿ ಹೆಚ್ಚು ಎಚ್ಚರ ಬೇಕಾದ ಸಮಯ ಆಯ್ಕೆ ಪಟ್ಟಿ ಬಂದ ದಿನ, ಮತ್ತು ಆಡಿಯೊಗ್ರಾಮ್ (ಶ್ರವಣ ಪರೀಕ್ಷೆಯ ವರದಿ) ಬಂದ ದಿನ. ಡೆಫ್‌ಲಿಂಪಿಕ್ಸ್ ಅರ್ಹತೆಗೆ ಚೆನ್ನಾಗಿ ಕೇಳುವ ಕಿವಿಯಲ್ಲೂ ಕನಿಷ್ಠ 55 ಡೆಸಿಬೆಲ್ ನಷ್ಟ ಇರಬೇಕು, 500, 1000, 2000 ಹರ್ಟ್ಜ್‌ಗಳ ಸರಾಸರಿ. ನಮ್ಮ 2016ರ ಅಂಗವಿಕಲರ ಹಕ್ಕು ಕಾಯಿದೆ ಎರಡೂ ಕಿವಿಯಲ್ಲಿ 60 ಡೆಸಿಬೆಲ್‌ನಿಂದ ಎಣಿಸುತ್ತೆ. ನಡುವೆ ಸಿಕ್ಕಿಕೊಂಡ 57ರ ಹುಡುಗ ಅಂತಾರಾಷ್ಟ್ರೀಯ ಕೂಟಕ್ಕೆ ಕಿವುಡ, ಸರ್ಕಾರಿ ಕಾಗದಕ್ಕೆ ಅಲ್ಲ. "ನಾನು ಯಾರು" ಅನ್ನುವ ಪ್ರಶ್ನೆ ಹದಿನೆಂಟರ ವಯಸ್ಸಿನಲ್ಲಿ ಹಾಗೆ ಬಂದು ನಿಂತರೆ ಅದು ಆಟಕ್ಕೂ ತಟ್ಟುತ್ತೆ. ಪರೀಕ್ಷೆಯನ್ನು ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಥರದ ಕಡೆ ಶಿಬಿರಕ್ಕೆ ತಿಂಗಳುಗಟ್ಟಲೆ ಮುಂಚೆ ಮಾಡಿಸಿ, ಫಲಿತಾಂಶವನ್ನು ಸಂಜ್ಞೆಯಲ್ಲಿ ಕೂತು ವಿವರಿಸಿ, ವಾಟ್ಸ್ಆ್ಯಪ್‌ನಲ್ಲಿ ಕಾಗದ ಕಳಿಸಿ ಸುಮ್ಮನಾಗಬೇಡಿ.

ಹತ್ತು ಮೀಟರ್

ಒಂದು ಸೇರಿಕೆ. ಅಂತಾರಾಷ್ಟ್ರೀಯ ಕೂಟದಲ್ಲಿ ಅಧಿಕಾರಿಗಳು ಬಳಸುವುದು ಇಂಟರ್‌ನ್ಯಾಷನಲ್ ಸೈನ್, ಭಾರತೀಯ ಸಂಜ್ಞೆ ಅಲ್ಲ. ಕೊನೆಯ ನಾಲ್ಕು ವಾರ ದಿನಕ್ಕೆ ಐದರಂತೆ ನಿಲ್ಲು, ಶುರು, ಸಮಯ ಮುಗಿಯಿತು, ದೂರು, ಉದ್ದೀಪನ ಮದ್ದಿನ ಪರೀಕ್ಷೆ ಇತ್ಯಾದಿ ಪದ ಕಲಿಸಿ. ಮೈದಾನದಲ್ಲಿ ಅರ್ಥವಾಗದೆ ನಿಂತರೆ ಅಲ್ಲಿಯವರೆಗೆ ಕಟ್ಟಿದ ಸಮಾಧಾನ ಒಂದೇ ನಿಮಿಷಕ್ಕೆ ಹೋಗುತ್ತೆ.

ಪೊನ್ನಂಪೇಟೆ ಟ್ರ್ಯಾಕ್

ಎಲ್ಲರಿಗೂ ಮನಃಪೂರ್ವಕ ವಂದನೆ. ಇಷ್ಟನ್ನೂ ಒಮ್ಮೆಗೇ ಹಾಕಿದರೆ ಮಕ್ಕಳು ಮುಳುಗಿಹೋಗುತ್ತಾರೆ. ಮೊದಲ ವಾರ ಏನೇನು ಸಾಕು?

ಮನೋಬಲ, ಮೈಸೂರು

ಮೊದಲ ವಾರ ಭಾಷೆಯ ಪರೀಕ್ಷೆ, ತುರ್ತು ಕಾರ್ಡ್, ಕಾಲಿನ "ನಿಲ್ಲಿಸಿ" ಗುರುತು, ವೃತ್ತ ನೋಡಿ ಉಸಿರಾಟ. ಇಷ್ಟೇ. ಮನೋಚಿತ್ರಣ ಎರಡನೇ ವಾರದ ಕೊನೆಗೆ, ಒಳಮಾತು ಮೂರನೇ ವಾರಕ್ಕೆ. ಏಡ್ ತೆಗೆಯುವ ದಿನವನ್ನು ಮಾತ್ರ ಮೊದಲ ವಾರದಿಂದಲೇ ಕ್ಯಾಲೆಂಡರ್‌ನಲ್ಲಿ ಗುರುತಿಸಿ.

ಕೈಮಾತು

ಪದಗಳ ಪಟ್ಟಿ ಶನಿವಾರದೊಳಗೆ ಕಳಿಸಿ. ಹನ್ನೆರಡಕ್ಕಿಂತ ಹೆಚ್ಚು ಬೇಡ, ಪ್ರತಿ ಪದದ ಪಕ್ಕ ಅದು ಯಾವ ಸಂದರ್ಭದಲ್ಲಿ ಬರುತ್ತೆ ಅಂತ ಒಂದು ಸಾಲು ಬರೆಯಿರಿ. "ಬಿಡು" ಅಂತ ಬರೀ ಪದ ಬಂದರೆ ಉಸಿರು ಬಿಡುವುದಾ, ಟ್ರಿಗರ್ ಬಿಡುವುದಾ, ಹೋದ ಪಾಯಿಂಟಿನ ಚಿಂತೆ ಬಿಡುವುದಾ ನನಗೆ ತಿಳಿಯಲ್ಲ. ಮೂರಕ್ಕೂ ಸಂಜ್ಞೆ ಬೇರೆ ಬೇರೆ.